ನಾಯಿ, ಬೆಕ್ಕಿನ ಲಿವರ್ ಕೈಕೊಟ್ಟಾಗ: ಮೊದಲ ವಾಂತಿಯಿಂದ ಊಟದ ಟ್ಯೂಬ್ ತೆಗೆಯುವವರೆಗೆ

ಲಿವರ್ ತೊಂದರೆ ಶುರುವಾದಾಗ ಅದು ಲಿವರ್ ತೊಂದರೆಯಂತೆ ಕಾಣುವುದಿಲ್ಲ. ಊಟ ಬೇಡ, ಒಂದೆರಡು ವಾಂತಿ, ಮೂಲೆ ಹಿಡಿದು ಮಲಗುವುದು, ನಾಯಿಯಾದರೆ ಎಂದಿಗಿಂತ ಹೆಚ್ಚು ನೀರು ಕುಡಿಯುವುದು, ಇಷ್ಟೇ. ಹೊಟ್ಟೆ ಕೆಟ್ಟಿರಬೇಕು, ನಾಳೆ ಸರಿಹೋಗುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಈ ಅಂಗದ ಮೀಸಲು ಶಕ್ತಿ ದೊಡ್ಡದು. ಸುಮಾರು ಮುಕ್ಕಾಲು ಪಾಲು ಕೆಲಸ ನಿಲ್ಲುವವರೆಗೂ ಉಳಿದ ಕಾಲು ಪಾಲು ಹೇಗೋ ಸಂಭಾಳಿಸಿಕೊಂಡು ಹೋಗುತ್ತದೆ. ಆದ್ದರಿಂದ ಕಣ್ಣು ಹಳದಿಯಾಗುವ ಹೊತ್ತಿಗೆ ಒಳಗೆ ಬಹಳಷ್ಟು ನಡೆದುಹೋಗಿರುತ್ತದೆ.

ಇದು ಆ ದಾರಿಯನ್ನು ಈಗಷ್ಟೇ ದಾಟಿ ಬಂದ ಕಡೆಯಿಂದ, ಇನ್ನು ದಾಟಬೇಕಾದವರಿಗೆ. ಎಲ್ಲಿ ಕಾಯಬೇಕು, ಏಕೆ ಕಾಯಬೇಕು, ಎಲ್ಲಿ ಒಂದು ಗಂಟೆಯೂ ಕಾಯಬಾರದು ಅನ್ನುವುದು ಮೊದಲೇ ಗೊತ್ತಿದ್ದರೆ ಅರ್ಧ ದಿಗಿಲು ಇಳಿಯುತ್ತದೆ.

ಹಳದಿ ನೋಡುವುದು ಎಲ್ಲಿ

ಟ್ಯೂಬ್‌ಲೈಟ್ ಬೆಳಕಿನಲ್ಲಿ ನೋಡಬೇಡಿ, ಕಿಟಕಿಯ ಹತ್ತಿರ ಹಗಲು ಬೆಳಕಿಗೆ ತನ್ನಿ. ನಾಯಿಯಲ್ಲಿ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಎತ್ತಿದರೆ ಕಣ್ಣಿನ ಬಿಳಿ ಭಾಗ ಕಾಣುತ್ತದೆ, ಹಳದಿ ಮೊದಲು ತಿಳಿಯುವುದು ಅಲ್ಲಿ. ವಸಡು ಕಪ್ಪಗಿರುವ ತಳಿಗಳಲ್ಲಿ ವಸಡನ್ನು ನಂಬಿ ಕೂರಬಾರದು. ಬೆಕ್ಕಿನಲ್ಲಿ ಕಿವಿಯ ಒಳಮೈ, ಕೂದಲಿಲ್ಲದ ತೆಳು ಚರ್ಮ, ಮತ್ತು ಬಾಯಿ ತೆರೆದಾಗ ಕಾಣುವ ಅಂಗುಳಿನ ಹಿಂಭಾಗ ಬೇಗ ಬಣ್ಣ ತೋರಿಸುತ್ತವೆ. ರಕ್ತದಲ್ಲಿ ಬಿಲಿರುಬಿನ್ (ಕೆಂಪು ಕಣ ಒಡೆದಾಗ ಹುಟ್ಟುವ, ಲಿವರ್ ಹೊರಹಾಕಬೇಕಾದ ಹಳದಿ ವಸ್ತು) ಡೆಸಿಲೀಟರಿಗೆ 2 ರಿಂದ 3 ಮಿಲಿಗ್ರಾಂ ದಾಟಿದ ಮೇಲಷ್ಟೇ ಬರಿಗಣ್ಣಿಗೆ ಹಳದಿ ಕಾಣುವುದು. ಹಳದಿ ಇಲ್ಲ ಎಂದ ಮಾತ್ರಕ್ಕೆ ಲಿವರ್ ಸರಿ ಇದೆ ಎಂದಲ್ಲ.

ಮೂತ್ರ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ಕಡು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಟ್ಟಿ ಮೂತ್ರವಿರುವ ನಾಯಿಯಲ್ಲಿ ಅಲ್ಪಸ್ವಲ್ಪ ಬಿಲಿರುಬಿನ್ ಸಹಜ. ಬೆಕ್ಕಿನಲ್ಲಿ ಹಾಗಲ್ಲ, ಮೂತ್ರದಲ್ಲಿ ಎಷ್ಟೇ ಕಂಡರೂ ಅದು ತಪಾಸಣೆಗೆ ಸಾಕಾದ ಕಾರಣ. ಮಲ ಬೂದು ಬಣ್ಣಕ್ಕೆ ತಿರುಗಿದರೆ ಪಿತ್ತನಾಳ ಕಟ್ಟಿಕೊಂಡಿರಬಹುದು. ಡಾಂಬರಿನಂತೆ ಕಪ್ಪಗಿದ್ದರೆ ಹೊಟ್ಟೆ ಅಥವಾ ಕರುಳಿನಲ್ಲಿ ರಕ್ತ ಒಸರುತ್ತಿರಬಹುದು.

ಇನ್ನು ಗೋಡೆಗೆ ತಲೆ ಒತ್ತಿ ನಿಲ್ಲುವುದು, ಗುರಿಯಿಲ್ಲದೆ ಸುತ್ತು ಹೊಡೆಯುವುದು, ಕರೆದರೆ ಗುರುತು ಸಿಗದಂತೆ ನೋಡುವುದು, ಬೆಕ್ಕಾದರೆ ಜೊಲ್ಲು ಧಾರೆಯಾಗಿ ಸುರಿಸುವುದು, ನಡುಕ, ಫಿಟ್ಸ್, ವಸಡಿನ ಮೇಲೆ ಅಥವಾ ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ, ಮೂಗಿನಲ್ಲಿ ರಕ್ತ: ಇವುಗಳಲ್ಲಿ ಒಂದು ಕಂಡರೂ ಆ ಗಂಟೆಯಲ್ಲೇ ಹೊರಡಿ. ರಾತ್ರಿಯಾದರೆ ರಾತ್ರಿ ತೆರೆದಿರುವ ಆಸ್ಪತ್ರೆಗೆ.

ಹೊರಡುವ ಮುನ್ನ ಕೈಯಲ್ಲಿರಬೇಕಾದದ್ದು

ಆಸ್ಪತ್ರೆಯಲ್ಲಿ ಮೊದಲ ಕಾಲು ಗಂಟೆ ಪೂರ್ತಿ ಪ್ರಶ್ನೆಗಳೇ. ಆ ಗಾಬರಿಯಲ್ಲಿ ನೆನಪಾಗದ ಸಂಗತಿಗಳನ್ನು ಒಂದು ಕಾಗದದ ಮೇಲೆ ಬರೆದುಕೊಂಡು ಹೋಗುವುದು ದೊಡ್ಡ ಉಪಕಾರ. ಕೊನೆಯ ಬಾರಿ ಸರಿಯಾಗಿ ತಿಂದದ್ದು ಯಾವಾಗ, ವಾಂತಿ ಶುರುವಾದದ್ದು ಯಾವಾಗ, ತೂಕ ಎಷ್ಟಿತ್ತು, ಯಾವ ಲಸಿಕೆ ಯಾವಾಗ ಆಯಿತು, ಕಳೆದ ಎರಡು ತಿಂಗಳಲ್ಲಿ ಯಾವ ಔಷಧಿ ಹೊಟ್ಟೆಗೆ ಹೋಗಿದೆ. ಈ ಕೊನೆಯದರಲ್ಲಿ ಮುಚ್ಚುಮರೆ ಬೇಡ. ಮನುಷ್ಯರ ಮಾತ್ರೆ ಕೊಟ್ಟಿದ್ದರೆ, ಮೂಲಿಕೆ ಪುಡಿ ಕೊಟ್ಟಿದ್ದರೆ, ಅದನ್ನೇ ಮೊದಲು ಹೇಳಿ. ವೈದ್ಯರು ಬೈಯುವರೇನೋ ಎಂಬ ಭಯಕ್ಕಿಂತ ಚಿಕಿತ್ಸೆ ತಡವಾಗುವ ಭಯ ದೊಡ್ಡದಿರಬೇಕು.

ಸಂಶಯ ಇರುವ ವಸ್ತುವಿನ ಪೊಟ್ಟಣ, ಗಿಡದ ತುಂಡು, ಅಣಬೆಯ ಚೂರು ಏನಿದ್ದರೂ ಹಾಗೇ ಎತ್ತಿಕೊಳ್ಳಿ. ಒಣ ಆಹಾರದ ಮೇಲೆ ಸಂಶಯವಿದ್ದರೆ ಡಬ್ಬಿಗೆ ಸುರಿದದ್ದಲ್ಲ, ಬ್ಯಾಚ್ ನಂಬರ್ ಇರುವ ಮೂಲ ಚೀಲವೇ ಬೇಕು. ಬೂಷ್ಟು ಹಿಡಿದ ಧಾನ್ಯದ ಅಫ್ಲಾಟಾಕ್ಸಿನ್ ಲಿವರ್ ಸುಡುವ ವಿಷಗಳಲ್ಲಿ ಒಂದು, ಮತ್ತು ಚೀಲದಲ್ಲಿ ಬೂಷ್ಟು ಕಣ್ಣಿಗೆ ಕಾಣಲೇಬೇಕೆಂದಿಲ್ಲ.

ಕೇಳುವ ವಿಷಗಳ ಪಟ್ಟಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಸಕ್ಕರೆರಹಿತ ಚೂಯಿಂಗ್ ಗಮ್, ಟೂತ್‌ಪೇಸ್ಟ್, ಕೆಲವು ಪೀನಟ್ ಬಟರ್‌ಗಳಲ್ಲಿರುವ ಜೈಲಿಟಾಲ್ ಎಂಬ ಸಿಹಿಕಾರಕ ನಾಯಿಗೆ ಅಪಾಯ. ಕಿಲೋ ತೂಕಕ್ಕೆ 0.1 ಗ್ರಾಂ ಹೋದರೆ ರಕ್ತದ ಸಕ್ಕರೆ ಕುಸಿಯಬಹುದು, 0.5 ಗ್ರಾಂ ದಾಟಿದರೆ ಲಿವರ್ ಕೋಶಗಳು ಸಾಯಬಹುದು. 10 ಕಿಲೋ ನಾಯಿಗೆ ಅದು 1 ಗ್ರಾಂ ಮತ್ತು 5 ಗ್ರಾಂ. ಅಲಂಕಾರಕ್ಕೆ ಬೆಳೆಸುವ ಸೈಕಸ್ ಗಿಡದ ಎಲ್ಲ ಭಾಗವೂ ವಿಷ, ಬೀಜ ಎಲ್ಲಕ್ಕಿಂತ ಹೆಚ್ಚು. ಪಾಚಿಗಟ್ಟಿದ ಕೆರೆಕುಂಟೆಯ ನೀಲಿಹಸಿರು ನೀರು ಇನ್ನೊಂದು. ಪ್ಯಾರಾಸಿಟಮಾಲ್ ನಾಯಿಯಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಲಿವರ್ ಕೆಡಿಸಿದರೆ, ಬೆಕ್ಕಿಗೆ ಕಿಲೋಗೆ 10 ಮಿಲಿಗ್ರಾಂ ಕೂಡ ವಿಷವಾಗಬಹುದು. ಬೆಕ್ಕಿನಲ್ಲಿ ಅದು ಮೊದಲು ಹೊಡೆಯುವುದು ರಕ್ತವನ್ನು, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಂಜ ಊದುತ್ತವೆ. ಬೆಕ್ಕಿನ ಮಟ್ಟಿಗೆ ಸುರಕ್ಷಿತ ಪ್ಯಾರಾಸಿಟಮಾಲ್ ಡೋಸ್ ಎಂಬುದೇ ಇಲ್ಲ. ವೈದ್ಯರೇ ಬರೆದುಕೊಟ್ಟ ಔಷಧಿಯೂ ಅಪರೂಪಕ್ಕೆ ಕೆಲವು ಪ್ರಾಣಿಗಳಿಗೆ ಒಗ್ಗುವುದಿಲ್ಲ: ನಾಯಿಯಲ್ಲಿ ನೋವಿಗೆ ಕೊಡುವ ಕಾರ್ಪ್ರೊಫೆನ್, ಸಲ್ಫಾ ಗುಂಪಿನ ಆಂಟಿಬಯಾಟಿಕ್, ಬೆಕ್ಕಿನಲ್ಲಿ ಬಾಯಿಂದ ಕೊಡುವ ಡಯಾಜೆಪಾಮ್.

ಮನೆಯಲ್ಲಿ ಉಪ್ಪು ನೀರು, ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಮಂಕಾಗಿರುವ ಪ್ರಾಣಿ ವಾಂತಿಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತದೆ. ಬೆಕ್ಕಿಗೆ ಪೆರಾಕ್ಸೈಡ್ ಹೊಟ್ಟೆಯ ಒಳಪದರವನ್ನೇ ಸುಡುತ್ತದೆ. ವಿಷ ಹೋಗಿ ಒಂದೆರಡು ಗಂಟೆಯೊಳಗಾದರೆ ಆಸ್ಪತ್ರೆಯಲ್ಲಿ ಸರಿಯಾದ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತಾರೆ.

ಮೊದಲ ರಕ್ತಪರೀಕ್ಷೆ

ಎಲ್ಲಕ್ಕಿಂತ ಮೊದಲು ಬರುವ ಫಲಿತಾಂಶ ಒಂದು ಸಣ್ಣ ಗಾಜಿನ ನಳಿಗೆಯದು. ಅದರಲ್ಲಿ ಹನಿ ರಕ್ತ ತುಂಬಿ ಯಂತ್ರದಲ್ಲಿ ತಿರುಗಿಸಿದರೆ ಕೆಂಪು ಕಣಗಳು ಕೆಳಗೆ ಕೂರುತ್ತವೆ, ಮೇಲೆ ತಿಳಿ ನಿಲ್ಲುತ್ತದೆ. ಕೇಳಿದರೆ ತೋರಿಸುತ್ತಾರೆ, ಕೇಳಿ ನೋಡಿ. ನೀರಿನಂತಿರಬೇಕಾದ ತಿಳಿ ಕಡು ಹಳದಿಯಾಗಿದ್ದರೆ ಬಿಲಿರುಬಿನ್ ಏರಿದೆ ಎಂದಾಯಿತು. ಆಮೇಲಿನ ಪ್ರಶ್ನೆ ಕೆಂಪು ಕಣಗಳ ಕಂಬ ಎಷ್ಟು ಎತ್ತರವಿದೆ ಎನ್ನುವುದು. ಕಂಬ ತೀರಾ ಕುಗ್ಗಿದ್ದರೆ ಹಳದಿಗೆ ಕಾರಣ ಲಿವರ್ ಆಗಿರದೆ ರಕ್ತಕಣಗಳು ಒಡೆಯುತ್ತಿರುವುದೂ ಆಗಿರಬಹುದು, ಆಗ ಚಿಕಿತ್ಸೆಯ ದಾರಿಯೇ ಬೇರೆ. ಕಂಬ ಸರಿ ಇದ್ದರೆ ತೊಂದರೆ ಲಿವರ್‌ನಲ್ಲಿ ಅಥವಾ ಪಿತ್ತನಾಳದಲ್ಲಿ. ಕೆಲವೇ ನಿಮಿಷದ ಈ ಪರೀಕ್ಷೆ ಮುಂದಿನ ಖರ್ಚಿನ ದಿಕ್ಕನ್ನು ನಿರ್ಧರಿಸುತ್ತದೆ.

ಅದೇ ಹೊತ್ತಿಗೆ ರಕ್ತದ ಸಕ್ಕರೆ. ಡೆಸಿಲೀಟರಿಗೆ 60 ಮಿಲಿಗ್ರಾಂಗಿಂತ ಕೆಳಗಿದ್ದರೆ ವರದಿಗಳಿಗೆ ಕಾಯದೆ ನಾಳದ ಮೂಲಕ ಸಕ್ಕರೆ ದ್ರಾವಣವಾದ ಡೆಕ್ಸ್‌ಟ್ರೋಸ್ ಶುರು ಮಾಡುತ್ತಾರೆ. ಲಿವರ್ ಸಕ್ಕರೆ ತಯಾರಿಸುವುದನ್ನೇ ನಿಲ್ಲಿಸಿದೆ ಎಂಬುದರ ಗುರುತು ಅದು.

ರಕ್ತ ತೆಗೆಯುವಾಗ ಒಂದು ಸೂಕ್ಷ್ಮ ಇದೆ. ಹೆಪ್ಪುಗಟ್ಟಿಸುವ ಅಂಶಗಳು ತಯಾರಾಗುವುದು ಲಿವರ್‌ನಲ್ಲೇ. ಅವು ಕಡಿಮೆಯಾಗಿರುವ ಶಂಕೆ ಇದ್ದಾಗ ಕುತ್ತಿಗೆಯ ದೊಡ್ಡ ನಾಳ ಬಿಟ್ಟು ಕಾಲಿನ ನಾಳದಿಂದ ತೆಗೆಯಬೇಕು, ಆಮೇಲೆ ಆ ಜಾಗವನ್ನು ಕೆಲವು ನಿಮಿಷ ಒತ್ತಿ ಹಿಡಿಯಬೇಕು. ಕಾಲಿನಲ್ಲಿ ರಕ್ತ ಒಸರಿದರೆ ಪಟ್ಟಿ ಕಟ್ಟಬಹುದು, ಕುತ್ತಿಗೆಯಲ್ಲಿ ಕಟ್ಟಲಾಗದು. ಹೊಟ್ಟೆಗೆ ಸೂಜಿ ಚುಚ್ಚಿ ಮೂತ್ರ ತೆಗೆಯುವುದನ್ನೂ ಆ ವರದಿ ಬರುವವರೆಗೆ ಮುಂದೂಡುತ್ತಾರೆ. ಇದನ್ನು ಕೇಳಿ ಖಚಿತಪಡಿಸಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ.

ವರದಿ ಓದುವ ಬಗೆ

ಕೈಗೆ ಬರುವ ಹಾಳೆಯಲ್ಲಿ ಎದೆ ಒಡೆಯುವುದು ಎಎಲ್‌ಟಿ ಸಂಖ್ಯೆ ನೋಡಿದಾಗ. ಸಾವಿರಗಳಲ್ಲಿರುತ್ತದೆ. ಆದರೆ ಇದು ಲಿವರ್ ಕೋಶಗಳೊಳಗಿನ ಒಂದು ಕಿಣ್ವ, ಹೇಳುವುದು ಎಷ್ಟು ಕೋಶಗಳು ಗಾಯಗೊಂಡು ಸೋರುತ್ತಿವೆ ಎಂಬುದನ್ನು ಮಾತ್ರ. ಉಳಿದ ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಬೇರೆ ಸಾಲುಗಳನ್ನು ನೋಡಬೇಕು: ಸಕ್ಕರೆ, ಆಲ್ಬುಮಿನ್ (ಲಿವರ್ ತಯಾರಿಸುವ ರಕ್ತದ ಪ್ರೋಟೀನ್), ಯೂರಿಯಾ, ಕೊಲೆಸ್ಟರಾಲ್, ಮತ್ತು ಹೆಪ್ಪುಗಟ್ಟುವ ಸಮಯ. ಈ ಐದರಲ್ಲಿ ಹಲವು ಒಟ್ಟಿಗೆ ಕೆಟ್ಟಿದ್ದರೆ ಪರಿಸ್ಥಿತಿ ಗಂಭೀರ, ಎಎಲ್‌ಟಿ ಎಷ್ಟೇ ಇರಲಿ.

ಆಲ್ಬುಮಿನ್ ವಿಷಯದಲ್ಲಿ ಒಂದು ಮಾತು. ನಾಯಿಯ ರಕ್ತದಲ್ಲಿ ಅದು ವಾರದ ಮೇಲೆ ಉಳಿಯುತ್ತದೆ. ಎರಡು ದಿನದ ಕಾಯಿಲೆಯಲ್ಲಿ ಅದು ಅಷ್ಟು ಬೇಗ ಇಳಿಯುವುದಿಲ್ಲ. ಬಂದ ದಿನವೇ ತುಂಬ ಕಡಿಮೆಯಿದ್ದು, ಸ್ಕ್ಯಾನಿಂಗ್‌ನಲ್ಲಿ ಲಿವರ್ ಸಣ್ಣದಾಗಿ ಸುಕ್ಕುಗಟ್ಟಿದ್ದರೆ ಇದು ಹಳೆಯ ಕಾಯಿಲೆ, ಈಗ ಬಯಲಿಗೆ ಬಂದಿದೆ ಅಷ್ಟೇ ಎಂದು ಅನುಮಾನಿಸುತ್ತಾರೆ. ಹೆಪ್ಪುಗಟ್ಟುವ ಸಮಯ ಇದಕ್ಕೆ ತದ್ವಿರುದ್ಧ. ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಏಳನೆಯದರ ಆಯುಷ್ಯ ಕೆಲವೇ ಗಂಟೆ. ಹಾಗಾಗಿ ಹೆಪ್ಪುಗಟ್ಟುವ ಸಮಯ ಹೇಳುವ ಪಿಟಿ ಎಂಬ ಸಾಲು ಬಹಳ ಬೇಗ ಕೆಡುತ್ತದೆ, ಲಿವರ್ ಚೇತರಿಸಿಕೊಂಡರೆ ಬೇಗ ಸುಧಾರಿಸುತ್ತದೆ.

ಎಎಲ್‌ಪಿ (ಪಿತ್ತದ ಹರಿವಿಗೆ ತಡೆಯಾದಾಗ ಏರುವ ಕಿಣ್ವ) ಓದುವಾಗ ನಾಯಿ ಬೆಕ್ಕು ಒಂದೇ ಅಲ್ಲ. ನಾಯಿಯಲ್ಲಿ ಸ್ಟಿರಾಯ್ಡ್ ಕೊಟ್ಟಿದ್ದರೂ ಅದು ಏರುತ್ತದೆ, ಇಳಿಯಲು ದಿನಗಳು ಬೇಕು. ಬೆಕ್ಕಿನಲ್ಲಿ ಅದರ ಅರ್ಧಾಯುಷ್ಯ (ರಕ್ತದಲ್ಲಿ ಅರ್ಧಕ್ಕಿಳಿಯಲು ಹಿಡಿಯುವ ಸಮಯ) ಸುಮಾರು 6 ಗಂಟೆ, ಆದ್ದರಿಂದ ಸ್ವಲ್ಪ ಏರಿದ್ದರೂ ಅದಕ್ಕೆ ಅರ್ಥವಿದೆ. ದಪ್ಪಗಿದ್ದ ಬೆಕ್ಕು ಕೆಲವು ದಿನ ಊಟ ಬಿಟ್ಟಿದ್ದು, ಎಎಲ್‌ಪಿ ತುಂಬ ಏರಿ, ಪಿತ್ತನಾಳದ ಇನ್ನೊಂದು ಕಿಣ್ವವಾದ ಜಿಜಿಟಿ ಮಾತ್ರ ಹೆಚ್ಚುಕಡಿಮೆ ಅಲ್ಲೇ ಇದ್ದರೆ ಲಿವರ್ ತುಂಬ ಕೊಬ್ಬು ತುಂಬಿಕೊಳ್ಳುವ ಹೆಪಾಟಿಕ್ ಲಿಪಿಡೋಸಿಸ್ ಕಡೆಗೆ ಬೆರಳು ತೋರುತ್ತದೆ.

ಖರ್ಚು ಉಳಿಸುವ ಒಂದು ಜಾಗ ಇಲ್ಲಿದೆ. ಬಿಲಿರುಬಿನ್ ಆಗಲೇ ಏರಿದ್ದರೆ, ರಕ್ತಕಣ ಒಡೆಯುತ್ತಿಲ್ಲವೆಂದು ಖಾತ್ರಿಯಾಗಿದ್ದರೆ, ಲಿವರ್ ಕೆಲಸ ಅಳೆಯುವ ಬೈಲ್ ಆಸಿಡ್ ಪರೀಕ್ಷೆಯಿಂದ ಹೊಸದೇನೂ ತಿಳಿಯುವುದಿಲ್ಲ. ಕರುಳಿನಲ್ಲಿ ಹುಟ್ಟಿ ಲಿವರ್ ಸೋಸಬೇಕಾದ ಅಮೋನಿಯಾದ ಪರೀಕ್ಷೆ ಮಾಡಿಸುವುದಾದರೆ ಮಾದರಿ ತಕ್ಷಣ ಐಸ್ ಮೇಲೆ ಹೋಗಬೇಕು, ಬೇಗನೆ ಯಂತ್ರಕ್ಕೆ ಸಿಗಬೇಕು. ದೂರದ ಲ್ಯಾಬಿಗೆ ಕಳುಹಿಸಿದ ಅಮೋನಿಯಾ ಸಂಖ್ಯೆಯನ್ನು ನಂಬಲಾಗದು, ಆ ಹಣ ಮೂರನೇ ದಿನದ ರಕ್ತಪರೀಕ್ಷೆಗೆ ಉಳಿದರೆ ಹೆಚ್ಚು ಉಪಯೋಗ.

ನಾಯಿಗೆ ಜ್ವರ, ಹಳದಿ, ಜೊತೆಗೆ ಕಿಡ್ನಿ ಸಂಖ್ಯೆಗಳೂ ಏರಿದ್ದರೆ ಲೆಪ್ಟೋಸ್ಪೈರೋಸಿಸ್ (ಮೂತ್ರದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು) ಎಂದೇ ನಡೆದುಕೊಳ್ಳುತ್ತಾರೆ. ಪಿಸಿಆರ್‌ಗೆ (ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ರಕ್ತ ಮತ್ತು ಮೂತ್ರ ಎರಡೂ ಆಂಟಿಬಯಾಟಿಕ್ ಶುರುವಾಗುವ ಮೊದಲೇ ತೆಗೆದಿಟ್ಟಿರಬೇಕು, ಆದರೆ ವರದಿ ಬರಲಿ ಎಂದು ಔಷಧಿ ನಿಲ್ಲಿಸಿಕೊಂಡು ಕೂರುವುದಿಲ್ಲ. ಡಾಕ್ಸಿಸೈಕ್ಲಿನ್ ಕಿಲೋಗೆ 5 ಮಿಲಿಗ್ರಾಂ, 12 ಗಂಟೆಗೊಮ್ಮೆ, ಎರಡು ವಾರ. ವಾಂತಿ ನಿಲ್ಲದಿದ್ದರೆ ಮೊದಲು ನಾಳದ ಮೂಲಕ ಪೆನಿಸಿಲಿನ್ ಗುಂಪಿನದು. ಇದು ಮನುಷ್ಯರಿಗೂ ಅಂಟುವ ರೋಗ. ಮೂತ್ರ ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ, ಬಿದ್ದ ನೆಲವನ್ನು ಬ್ಲೀಚ್ ದ್ರಾವಣದಿಂದ ಒರೆಸಿ, ನೀರು ಚಿಮ್ಮಿಸಿ ತೊಳೆಯಬೇಡಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅವರ ವೈದ್ಯರಿಗೆ ನಾಯಿಯ ವಿಷಯ ಮೊದಲು ಹೇಳಬೇಕು.

ಒಳಗೆ ಸೇರಿಸಿದ ಮೇಲೆ

ಈ ಹಂತದ ಕಷ್ಟವೆಂದರೆ ಮಾಡಲು ಕೈಗೆ ಕೆಲಸವಿಲ್ಲದಿರುವುದು. ಫೋನ್ ಬಂದರೆ ಭಯ, ಬರದಿದ್ದರೆ ಇನ್ನೂ ಭಯ. ಮೊದಲ ದಿನವೇ ಒಂದು ಒಪ್ಪಂದ ಮಾಡಿಕೊಳ್ಳಿ: ದಿನಕ್ಕೆ ಎರಡು ಹೊತ್ತು, ಗೊತ್ತಾದ ಸಮಯಕ್ಕೆ, ಒಬ್ಬರೇ ಮಾತಾಡುವುದು. ಕೇಳಬೇಕಾದವು ನಾಲ್ಕೇ ಪ್ರಶ್ನೆ. ಡ್ರಿಪ್‌ನಲ್ಲಿ ಡೆಕ್ಸ್‌ಟ್ರೋಸ್ ಇಲ್ಲದೆ ಸಕ್ಕರೆ ನಿಲ್ಲುತ್ತಿದೆಯೇ? ಹೆಪ್ಪುಗಟ್ಟುವ ಸಮಯ ಯಾವ ಕಡೆ ಹೋಗುತ್ತಿದೆ? ಪ್ರಜ್ಞೆ ಹೇಗಿದೆ? ಹೊಟ್ಟೆಗೆ ಎಷ್ಟು ಕ್ಯಾಲರಿ ಹೋಯಿತು?

ಒಳಗೆ ನಡೆಯುವುದು ಸ್ಥೂಲವಾಗಿ ಇಷ್ಟು. ಡ್ರಿಪ್, ಅದರಲ್ಲಿ ಪೊಟ್ಯಾಸಿಯಂ. ಪೊಟ್ಯಾಸಿಯಂ ಇಳಿದರೆ ಅಮೋನಿಯಾ ತೊಂದರೆಯೂ ಹೆಚ್ಚುತ್ತದೆ. ವಾಂತಿಗೆ ಮರೋಪಿಟಂಟ್ ಅಥವಾ ಒಂಡಾನ್‌ಸೆಟ್ರಾನ್. ವಿಟಮಿನ್ ಕೆ1 ಚರ್ಮದಡಿ, 12 ಗಂಟೆಗೊಮ್ಮೆ, ಸಾಮಾನ್ಯವಾಗಿ ಮೂರು ಸಲ. ರಕ್ತ ಸೋರುತ್ತಿದ್ದರೆ ಪ್ಲಾಸ್ಮಾ, ಅಂದರೆ ಹೆಪ್ಪುಗಟ್ಟಿಸುವ ಅಂಶಗಳಿರುವ ರಕ್ತದ ತಿಳಿ. ವಿಷದಿಂದಾದ ಹಾನಿಗೆ ಎನ್‌-ಅಸಿಟೈಲ್‌ಸಿಸ್ಟೀನ್: ಮೊದಲು ಕಿಲೋಗೆ 140 ಮಿಲಿಗ್ರಾಂ, ಆಮೇಲೆ 6 ಗಂಟೆಗೊಮ್ಮೆ 70 ಮಿಲಿಗ್ರಾಂ, ತೆಳುಗೊಳಿಸಿ ನಿಧಾನವಾಗಿ ನಾಳದೊಳಗೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಔಷಧಿ ಕೆಟ್ಟಿದೆ ಎಂದಲ್ಲ, ಅದರ ಗಂಧಕದ ವಾಸನೆಯೇ ಹಾಗೆ. ಸ್ಟಿರಾಯ್ಡ್ ಎಲ್ಲರಿಗೂ ಕೊಡುವ ಔಷಧಿಯಲ್ಲ. ಸೋಂಕು ಅಥವಾ ವಿಷ ಎಂಬ ಶಂಕೆ ಇರುವಾಗ ಅದರಿಂದ ಕೆಡುವುದೇ ಹೆಚ್ಚು.

ತಲೆ ಒತ್ತುವುದು, ಮಂಪರು, ದಿಕ್ಕುತೋಚದ ಓಡಾಟಕ್ಕೆ ಕಾರಣ ಕರುಳಿನಲ್ಲಿ ಹುಟ್ಟುವ ಅಮೋನಿಯಾ ಲಿವರ್‌ನಲ್ಲಿ ಸೋಸಲ್ಪಡದೆ ಮೆದುಳು ತಲುಪುವುದು. ಇದಕ್ಕೆ ಮಲ ಸಡಿಲಿಸಿ ಅಮೋನಿಯಾ ಹೊರಹಾಕುವ ಲ್ಯಾಕ್ಟುಲೋಸ್. ನುಂಗಲಾರದ ಪ್ರಾಣಿಗೆ ಎನಿಮಾ ಮೂಲಕ, ಎಚ್ಚರವಿದ್ದರೆ ಬಾಯಿಂದ. ದಿನಕ್ಕೆ ಎರಡು ಮೂರು ಸಲ ಮೆತ್ತನೆ ಮಲ ಬರುವಷ್ಟು ಪ್ರಮಾಣ ಸರಿ. ನೀರಾಗಿ ಹರಿಯಲು ಶುರುವಾದರೆ ಹೆಚ್ಚಾಯಿತು, ದೇಹದ ನೀರು ಮತ್ತು ಪೊಟ್ಯಾಸಿಯಂ ಹೋಗಿ ಉಲ್ಟಾ ಹೊಡೆಯುತ್ತದೆ.

ಮೂರನೇ ದಿನ ಎಎಲ್‌ಟಿ ಅರ್ಧಕ್ಕಿಳಿದಿದೆ ಎಂಬ ಸುದ್ದಿ ಬಂದಾಗ ಕಣ್ಣಲ್ಲಿ ನೀರು ಬರುವುದು ಸಹಜ. ನಾಯಿಯಲ್ಲಿ ಅದರ ಅರ್ಧಾಯುಷ್ಯ ಸುಮಾರು ಎರಡೂವರೆ ದಿನ, ಹಾನಿ ನಿಂತಿದ್ದರೆ ಇಳಿಯಬೇಕಾದ್ದೂ ಹಾಗೆಯೇ. ಆದರೆ ಸೋರಲು ಕೋಶಗಳೇ ಉಳಿದಿಲ್ಲದಿದ್ದರೂ ಅದು ಇಳಿಯುತ್ತದೆ. ಎಎಲ್‌ಟಿ ಇಳಿಯುತ್ತ ಬಿಲಿರುಬಿನ್ ಏರುತ್ತಿದ್ದರೆ, ಸಕ್ಕರೆ ನಿಲ್ಲದಿದ್ದರೆ, ಅದು ಒಳ್ಳೆಯ ಸುದ್ದಿ ಅಲ್ಲ. ಆದ್ದರಿಂದಲೇ ಆ ನಾಲ್ಕು ಪ್ರಶ್ನೆಗಳ ಪಟ್ಟಿಯಲ್ಲಿ ಎಎಲ್‌ಟಿ ಇಲ್ಲ.

ಇನ್ನೊಂದು ಮೋಸದ ಹೊತ್ತು ವಿಷ ಅಣಬೆಯದು. ಅಮಾನಿಟಾ ಜಾತಿಯ ಕೆಲವು ಅಣಬೆ ತಿಂದ ನಾಯಿ 6 ರಿಂದ 24 ಗಂಟೆ ಸುಮ್ಮನಿರುತ್ತದೆ, ಆಮೇಲೆ ವಾಂತಿ ಭೇದಿ, ಆಮೇಲೆ ಗುಣವಾದಂತೆ ಎದ್ದು ಓಡಾಡುತ್ತದೆ, ಅದರ ಹಿಂದೆಯೇ ಲಿವರ್ ಕುಸಿಯುತ್ತದೆ. ಸೈಕಸ್‌ನಲ್ಲಿ ವಾಂತಿ ಅದೇ ದಿನ ಬಂದರೂ ಲಿವರ್ ಲಕ್ಷಣಗಳು ಎರಡು ಮೂರು ದಿನ ತಡವಾಗಿ ಬರಬಹುದು. ವಾಂತಿ ನಿಂತಿತಲ್ಲ ಎಂದು ಮನೆಗೆ ಕರೆತರುವ ಆಸೆ ಆಗುವುದು ಆಗಲೇ. ಇಂಥ ವಿಷಗಳಲ್ಲಿ ಕನಿಷ್ಠ 72 ಗಂಟೆ ರಕ್ತ ನೋಡುತ್ತಲೇ ಇರಬೇಕು.

ಖರ್ಚಿನ ಮಾತು. ದೊಡ್ಡ ಪಾಲು ಹೋಗುವುದು ಔಷಧಿಗಲ್ಲ, ಹಗಲಿರುಳು ನೋಡಿಕೊಳ್ಳುವ ವಾಸಕ್ಕೆ, ಪ್ಲಾಸ್ಮಾಗೆ, ಮರುಪರೀಕ್ಷೆಗಳಿಗೆ. ಪೂರ್ತಿ ಅಂದಾಜು ಯಾರೂ ಕೊಡಲಾರರು, ಆದರೆ ಮುಂದಿನ 48 ಗಂಟೆಯ ಅಂದಾಜು ಕೊಡಬಲ್ಲರು. ಅದನ್ನು ಬರಹದಲ್ಲಿ ಪಡೆದುಕೊಳ್ಳಿ. ಕೈ ಬಿಗಿ ಇದ್ದರೆ ಮೊದಲೇ ಬಾಯಿಬಿಟ್ಟು ಹೇಳಿ. ಡ್ರಿಪ್, ಸಕ್ಕರೆ ಪರೀಕ್ಷೆ, ವಾಂತಿ ನಿಲ್ಲಿಸುವುದು, ಊಟ ಒಳಗೆ ಹೋಗುವುದು, ಈ ನಾಲ್ಕನ್ನು ಬಿಡದೆ ಉಳಿದದ್ದರಲ್ಲಿ ಹೊಂದಿಸಲು ಸಾಧ್ಯ.

ಬೆಕ್ಕಿನ ದಾರಿ ಬೇರೆ: ಊಟವೇ ಔಷಧಿ

ಬೆಕ್ಕು ಊಟ ಬಿಟ್ಟರೆ ದೇಹದ ಕೊಬ್ಬು ಕರಗಿ ಲಿವರ್‌ಗೆ ನುಗ್ಗುತ್ತದೆ, ಅದನ್ನು ಸಾಗಹಾಕಲು ಬೇಕಾದ ಪ್ರೋಟೀನ್ ಇಲ್ಲದೆ ಅಲ್ಲೇ ತುಂಬಿಕೊಳ್ಳುತ್ತದೆ. ದಪ್ಪ ಬೆಕ್ಕಿನಲ್ಲಿ ಇದು ಶುರುವಾಗಲು ಕೆಲವೇ ದಿನದ ಉಪವಾಸ ಸಾಕು. ಇದಕ್ಕೆ ಮದ್ದು ಕ್ಯಾಲರಿ ಮತ್ತು ಪ್ರೋಟೀನ್, ವಾರಗಟ್ಟಲೆ, ತಪ್ಪದೆ. ಲಿವರ್ ಕಾಯಿಲೆ ಎಂದರೆ ಪ್ರೋಟೀನ್ ಕಡಿಮೆ ಮಾಡಬೇಕು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಮೆದುಳಿನ ಲಕ್ಷಣ ಇಲ್ಲದ ಬೆಕ್ಕಿಗೆ ಆ ಸಲಹೆ ಹಾನಿ.

ಸಿರಿಂಜಿನಲ್ಲಿ ಬಲವಂತವಾಗಿ ಬಾಯಿಗೆ ಹಾಕುವ ಪ್ರಯತ್ನ ಬೇಡ. ಓಕರಿಕೆ ಇರುವ ಬೆಕ್ಕು ಆ ಆಹಾರವನ್ನು ಶಾಶ್ವತವಾಗಿ ದ್ವೇಷಿಸಲು ಕಲಿಯುತ್ತದೆ, ಬೇಕಾದಷ್ಟು ಕ್ಯಾಲರಿಯೂ ಹೋಗುವುದಿಲ್ಲ. ಹಸಿವು ಹುಟ್ಟಿಸುವ ಮಿರ್ಟಾಜಪಿನ್ ಸಹಾಯಕ ಅಷ್ಟೇ, ಲಿವರ್ ಕೆಟ್ಟಾಗ ಅದನ್ನು ದಿನ ಬಿಟ್ಟು ದಿನ ಕೊಡುತ್ತಾರೆ. ಕೆಲಸ ಮಾಡುವುದು ಟ್ಯೂಬ್. ಮೊದಲ ಒಂದೆರಡು ದಿನ ಮೂಗಿನ ಮೂಲಕ ತೆಳು ಟ್ಯೂಬ್, ಅದಕ್ಕೆ ಅರಿವಳಿಕೆ ಬೇಡ, ಆದರೆ ದ್ರವಾಹಾರ ಮಾತ್ರ ಹೋಗುತ್ತದೆ. ಹೆಪ್ಪುಗಟ್ಟುವಿಕೆ ಮತ್ತು ಪೊಟ್ಯಾಸಿಯಂ ಸರಿಹೋದ ಮೇಲೆ ಚಿಕ್ಕ ಅರಿವಳಿಕೆಯಲ್ಲಿ ಕುತ್ತಿಗೆಯ ಎಡಭಾಗದಿಂದ ಅನ್ನನಾಳಕ್ಕೆ 14 ಫ್ರೆಂಚ್ (ಟ್ಯೂಬಿನ ದಪ್ಪದ ಅಳತೆ) ಅಥವಾ ಅದಕ್ಕಿಂತ ದಪ್ಪ ಟ್ಯೂಬ್, ತುದಿ ಸರಿಯಾದ ಜಾಗದಲ್ಲಿದೆಯೇ ಎಂದು ಎಕ್ಸ್‌ರೇ. ಕುತ್ತಿಗೆಯಿಂದ ಟ್ಯೂಬ್ ನೇತಾಡುವುದನ್ನು ಮೊದಲ ಸಲ ನೋಡಿದಾಗ ಕರುಳು ಚುರುಕ್ ಎನ್ನುತ್ತದೆ. ಬೆಕ್ಕುಗಳು ಮಾತ್ರ ಬಹುಬೇಗ ಅದರ ಪರಿವೆಯೇ ಇಲ್ಲದೆ ಓಡಾಡತೊಡಗುತ್ತವೆ.

ಲೆಕ್ಕ ಹೀಗೆ. ತೂಕವನ್ನು 30 ರಿಂದ ಗುಣಿಸಿ 70 ಕೂಡಿಸಿದರೆ ದಿನದ ಕ್ಯಾಲರಿ. 4 ಕಿಲೋ ಬೆಕ್ಕಿಗೆ 190. ಮೊದಲ ದಿನ ಇದರ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ, ಪೂರ್ತಿ ಪ್ರಮಾಣ ಮುಟ್ಟಲು ಮೂರು ನಾಲ್ಕು ದಿನ. ಆತುರ ಮಾಡಿದರೆ ರೀಫೀಡಿಂಗ್ ಸಿಂಡ್ರೋಮ್: ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದಾಗ ರಕ್ತದ ಫಾಸ್ಫರಸ್ ಮತ್ತು ಪೊಟ್ಯಾಸಿಯಂ ಕೋಶಗಳೊಳಗೆ ನುಗ್ಗಿ ಕುಸಿಯುತ್ತವೆ, ಕೆಂಪು ಕಣಗಳು ಒಡೆಯಬಹುದು, ಬೆಕ್ಕು ಕುತ್ತಿಗೆ ಎತ್ತಲಾರದಷ್ಟು ಸೋಲಬಹುದು. ಆದ್ದರಿಂದ ಊಟ ಶುರುವಾದ ಮೊದಲ ದಿನಗಳಲ್ಲಿ ಈ ಎರಡರ ಪರೀಕ್ಷೆ ಬಿಡುವಂತಿಲ್ಲ.

ಮನೆಯಲ್ಲಿ ಟ್ಯೂಬ್ ಊಟ

ಒಂದು ಊಟಕ್ಕೆ ತಯಾರಿ ಸೇರಿ ಅರ್ಧ ಗಂಟೆ ಇಟ್ಟುಕೊಳ್ಳಿ. ಆಹಾರವನ್ನು ಗಂಟಿಲ್ಲದಂತೆ ಕಲಸಿ ಜಾಲರಿಯಲ್ಲಿ ಸೋಸಿ. ಬಿಸಿನೀರಿನ ಪಾತ್ರೆಯಲ್ಲಿ ಸಿರಿಂಜ್ ಇಟ್ಟು ಮೈಬಿಸಿಗೆ, ಸುಮಾರು 38 ಡಿಗ್ರಿಗೆ ತನ್ನಿ. ಮೈಕ್ರೋವೇವ್ ಬೇಡ, ಅಲ್ಲಲ್ಲಿ ಸುಡುವಷ್ಟು ಬಿಸಿಯಾಗುತ್ತದೆ. ಬೆಕ್ಕು ಎದೆಯ ಮೇಲೆ ಮಲಗಿರಲಿ ಅಥವಾ ಕೂತಿರಲಿ, ಅಡ್ಡ ಮಲಗಿದಾಗ ಕೊಡಬೇಡಿ. ಟ್ಯೂಬ್ ಚರ್ಮದಿಂದ ಹೊರಬರುವ ಜಾಗದಲ್ಲಿ ಪೆನ್ನಿನಿಂದ ಗುರುತು ಹಾಕಿರುತ್ತಾರೆ. ಆ ಗುರುತು ಜರುಗಿಲ್ಲ ಎಂದು ನೋಡಿದ ಮೇಲೆ ಮುಚ್ಚಳ ತೆಗೆದು 5 ಮಿಲಿಲೀಟರ್ ಉಗುರುಬೆಚ್ಚಗಿನ ನೀರು. ನೀರಿಗೆ ಬೆಕ್ಕು ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ಕೆಮ್ಮದಿದ್ದರೆ ಆಹಾರ, ನಿಧಾನವಾಗಿ, 10 ರಿಂದ 15 ನಿಮಿಷ ಹಿಡಿಯುವಂತೆ. ಕೊನೆಗೆ ಮತ್ತೆ 5 ರಿಂದ 10 ಮಿಲಿಲೀಟರ್ ನೀರು, ಒಳಗೆ ನೀರು ನಿಂತಿರುವಾಗಲೇ ಮುಚ್ಚಳ.

ಬೆಕ್ಕು ತುಟಿ ನೆಕ್ಕುವುದು, ಪದೇ ಪದೇ ನುಂಗುವುದು, ಜೊಲ್ಲು ಸುರಿಸುವುದು ಓಕರಿಕೆಯ ಮುನ್ಸೂಚನೆ. ಕೈ ನಿಲ್ಲಿಸಿ ಕೆಲವು ನಿಮಿಷ ಕಾಯಿರಿ, ಮುಂದಿನದನ್ನು ಇನ್ನೂ ನಿಧಾನ ಮಾಡಿ. ಉಪವಾಸದ ಹೊಟ್ಟೆ ಕುಗ್ಗಿರುತ್ತದೆ. ಶುರುವಿಗೆ ಒಂದು ಊಟಕ್ಕೆ ಕಿಲೋಗೆ 5 ಮಿಲಿಲೀಟರ್ ಸಾಕು, ದಿನಕ್ಕೆ ಐದಾರು ಸಲ. ತಡೆದುಕೊಂಡಂತೆ ಹೆಚ್ಚಿಸಿ, ಊಟಗಳ ಸಂಖ್ಯೆ ನಾಲ್ಕಕ್ಕಿಳಿಸಬಹುದು. ಪ್ರತಿ ಊಟದ ಗಂಟೆ, ಪ್ರಮಾಣ, ವಾಂತಿ, ಮಲ, ತೂಕ ಎಲ್ಲವೂ ಒಂದೇ ಪುಸ್ತಕದಲ್ಲಿರಲಿ. ಇಬ್ಬರು ಸರದಿಯಲ್ಲಿ ಮಾಡುವ ಮನೆಯಲ್ಲಿ ಆ ಪುಸ್ತಕ ಇಲ್ಲದೆ ನಡೆಯುವುದೇ ಇಲ್ಲ.

ಟ್ಯೂಬ್ ಕಟ್ಟಿಕೊಂಡರೆ ಬಲವಾಗಿ ತಳ್ಳಬೇಡಿ. ಬೆಚ್ಚಗಿನ ನೀರು ತುಂಬಿದ ಸಿರಿಂಜಿನಿಂದ ಸ್ವಲ್ಪ ಒತ್ತಿ ಸ್ವಲ್ಪ ಎಳೆದು, ಮತ್ತೆ ಮತ್ತೆ. ಬಹುಪಾಲು ಸಲ ಬಿಡುತ್ತದೆ. ಕಟ್ಟಿಕೊಳ್ಳಲು ಮುಖ್ಯ ಕಾರಣ ಸರಿಯಾಗಿ ಪುಡಿಯಾಗದ ಮಾತ್ರೆ, ಹಾಗಾಗಿ ಔಷಧಿಯನ್ನು ಆಹಾರದ ಜೊತೆ ಬೆರೆಸದೆ ನೀರಿನಲ್ಲಿ ಕದಡಿ ಪ್ರತ್ಯೇಕವಾಗಿ ಕೊಡಿ. ಕುತ್ತಿಗೆಯ ತೂತಿನ ಸುತ್ತ ದಿನಾ ಪಟ್ಟಿ ಬಿಚ್ಚಿ ನೋಡಬೇಕು. ಒಣಗಿದ ಸಣ್ಣ ಪದರ ಸಹಜ. ಊತ, ಕೀವು, ದುರ್ವಾಸನೆ ಸಹಜವಲ್ಲ. ವಾಂತಿಯ ಜೊತೆ ಟ್ಯೂಬಿನ ತುದಿ ಬಾಯಿಗೆ ಬಂದುಬಿಟ್ಟರೆ ಬೆಕ್ಕು ಅದನ್ನು ಕಚ್ಚಿ ತುಂಡರಿಸದಂತೆ ಹಿಡಿದು ನೇರ ಆಸ್ಪತ್ರೆಗೆ. ಮತ್ತೆ ಒಳಗೆ ತಳ್ಳುವ ಪ್ರಯತ್ನ ಬೇಡ.

ನಾಯಿ ಮನೆಗೆ ಬಂದಾಗಿನ ಕೆಲಸ ಇಷ್ಟು ಸೂಕ್ಷ್ಮವಲ್ಲ. ದಿನಕ್ಕೆ ನಾಲ್ಕೈದು ಸಣ್ಣ ಊಟ, ಸುಲಭವಾಗಿ ಜೀರ್ಣವಾಗುವ ಒಳ್ಳೆಯ ಪ್ರೋಟೀನ್, ಒಂದೆರಡು ವಾರ ಓಟ ಕುಣಿತ ಕಡಿಮೆ. ತಪ್ಪುವುದು ಮಾತ್ರೆಗಳ ಸಮಯ. ಲಿವರ್ ಕೋಶಗಳನ್ನು ಕಾಪಾಡಲು ಕೊಡುವ ಸ್ಯಾಮಿ (SAMe) ಮಾತ್ರೆ ಖಾಲಿ ಹೊಟ್ಟೆಗೆ, ಊಟಕ್ಕೆ ಒಂದು ಗಂಟೆ ಮೊದಲು, ಒಡೆಯದೆ ಇಡಿಯಾಗಿ ಹೋಗಬೇಕು, ಅದರ ಹೊರಪದರ ಒಡೆದರೆ ಔಷಧಿ ಹೊಟ್ಟೆಯಲ್ಲೇ ಹಾಳಾಗುತ್ತದೆ. ಪಿತ್ತ ಹರಿಯಲು ಕೊಡುವ ಅರ್ಸೊಡಿಯಾಕ್ಸಿಕೋಲಿಕ್ ಆಸಿಡ್ ಊಟದ ಜೊತೆ, ಪಿತ್ತನಾಳ ಕಟ್ಟಿಲ್ಲವೆಂದು ಸ್ಕ್ಯಾನಿಂಗ್ ಹೇಳಿದ ಮೇಲೆ ಮಾತ್ರ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಒಣದಾಗಿ ನುಂಗಿಸಬೇಡಿ, ಅದರ ಹಿಂದೆ ನೀರು ಅಥವಾ ಊಟ ಹೋಗಲೇಬೇಕು. ಬೆಕ್ಕಿನಲ್ಲಿ ಅದು ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡಿ ಮುಂದೆ ನಾಳ ಕಿರಿದಾಗುತ್ತದೆ. ನೋವಿನ ಮಾತ್ರೆ, ಜಂತುಹುಳದ ಔಷಧಿ, ಯಾವುದೇ ಟಾನಿಕ್ ವೈದ್ಯರನ್ನು ಕೇಳದೆ ಬೇಡ.

ಮರುಪರೀಕ್ಷೆ ಮತ್ತು ಕೊನೆಯ ಹಂತ

ಮನೆಗೆ ಬಂದ ಒಂದು ವಾರಕ್ಕೆ ಮೊದಲ ಪರೀಕ್ಷೆ, ಮತ್ತೆ ಎರಡು ವಾರಕ್ಕೆ, ಆಮೇಲೆ ತಿಂಗಳಿಗೊಮ್ಮೆ. ಪ್ರತಿ ಸಲ ಅದೇ ಲ್ಯಾಬ್ ಆದರೆ ಹೋಲಿಕೆ ಸುಲಭ, ಯಂತ್ರ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಲಿಪಿಡೋಸಿಸ್ ಬೆಕ್ಕಿನಲ್ಲಿ ಬಿಲಿರುಬಿನ್ 7 ರಿಂದ 10 ದಿನದಲ್ಲಿ ಅರ್ಧಕ್ಕಿಳಿದರೆ ಧೈರ್ಯ ತಂದುಕೊಳ್ಳಬಹುದು. ಕಿವಿಯ ಹಳದಿ ಮಾಸಲು ರಕ್ತದ ಸಂಖ್ಯೆಗಿಂತ ಹೆಚ್ಚು ದಿನ ಹಿಡಿಯುತ್ತದೆ, ಅದನ್ನೇ ನೋಡುತ್ತ ಕೊರಗಬೇಡಿ.

ನಾಯಿಯಲ್ಲಿ ಒಂದೆರಡು ತಿಂಗಳಾದರೂ ಎಎಲ್‌ಟಿ ಏರಿದಲ್ಲೇ ನಿಂತಿದ್ದರೆ ಬಯಾಪ್ಸಿಯ, ಅಂದರೆ ಲಿವರ್ ಚೂರು ತೆಗೆದು ಪರೀಕ್ಷಿಸುವ ಮಾತು ಬರುತ್ತದೆ. ಆಗ ತಪ್ಪಿಸಿಕೊಳ್ಳಬೇಡಿ. ತೀವ್ರ ಹೊಡೆತ ದೀರ್ಘಕಾಲದ ಉರಿಯೂತವಾಗಿ ಉಳಿದಿದೆಯೇ, ಲ್ಯಾಬ್ರಡಾರ್, ಡಾಬರ್ಮನ್, ಬೆಡ್ಲಿಂಗ್ಟನ್ ಟೆರಿಯರ್‌ಗಳಂತೆ ತಾಮ್ರ ಶೇಖರವಾಗಿದೆಯೇ ಎಂಬುದು ಬೇರೆ ರೀತಿಯಲ್ಲಿ ತಿಳಿಯದು. ಮಾದರಿ ತೆಗೆಯುವ ಮೊದಲೇ ಮೂರನ್ನೂ ಕೇಳಿಟ್ಟುಕೊಳ್ಳಿ: ಸೂಕ್ಷ್ಮದರ್ಶಕಕ್ಕೆ, ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ, ತಾಮ್ರದ ಅಳತೆಗೆ. ಎಲ್ಲವನ್ನೂ ಮಾದರಿ ಕೊಳೆಯದಂತೆ ಇಡುವ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕಲ್ಚರ್‌ಗೆ ಏನೂ ಉಳಿಯುವುದಿಲ್ಲ.

ಬೆಕ್ಕಿನ ಟ್ಯೂಬ್ ನಾಲ್ಕರಿಂದ ಆರು ವಾರ ಇರುವುದು ಮಾಮೂಲು. ಮೊದಲ ವಾರ ಕಳೆದ ಮೇಲೆ ತಟ್ಟೆಯಲ್ಲಿ ಸ್ವಲ್ಪ ಇಟ್ಟು ನೋಡಿ, ಮೂಸಿ ಹೋದರೆ ಒಂದು ಗಂಟೆಯೊಳಗೆ ತಟ್ಟೆ ತೆಗೆದುಬಿಡಿ. ತಾನಾಗಿ ತಿನ್ನತೊಡಗಿದಾಗ ಟ್ಯೂಬ್ ಊಟವನ್ನು ಅಷ್ಟೇ ಪ್ರಮಾಣದಲ್ಲಿ ಇಳಿಸಿ. ಟ್ಯೂಬಿನಿಂದ ಒಂದು ಹನಿ ಆಹಾರವೂ ಹೋಗದೆ ಒಂದು ವಾರ ತೂಕ ನಿಂತರೆ ತೆಗೆಯುವ ಕಾಲ ಬಂದಂತೆ. ಆ ವಾರವೂ ದಿನಕ್ಕೆರಡು ಸಲ ನೀರು ಹಾಯಿಸುವುದು ನಿಲ್ಲಿಸಬಾರದು, ಯಾವ ದಿನ ಮತ್ತೆ ಬೇಕಾಗುತ್ತದೋ ಹೇಳಲಾಗದು. ತೆಗೆಯುವುದು ಒಂದು ನಿಮಿಷದ ಕೆಲಸ, ಅರಿವಳಿಕೆ ಬೇಡ, ಹೊಲಿಗೆ ಕತ್ತರಿಸಿ ಎಳೆದರಾಯಿತು. ತೂತಿಗೆ ಹೊಲಿಗೆ ಹಾಕುವುದಿಲ್ಲ, ಹಗುರವಾಗಿ ಪಟ್ಟಿ ಕಟ್ಟಿ ತಾನೇ ಮುಚ್ಚಿಕೊಳ್ಳಲು ಬಿಡುತ್ತಾರೆ. ಮುಂದಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ತೂಕ ನೋಡಿ, ಬೆಕ್ಕು ಒಂದು ಇಡೀ ದಿನ ತಟ್ಟೆ ಮುಟ್ಟದಿದ್ದರೆ ಎರಡನೇ ದಿನಕ್ಕೆ ಕಾಯದೆ ಫೋನ್ ಮಾಡಿ.